ಅರವತ್ತು ದಾಟಿದ ಅಪ್ಪ-ಅಮ್ಮ ವ್ಯಾನಿನಲ್ಲೇ ಮಲಗುತ್ತಾ ಊರೂರು ಸುತ್ತಬಹುದಾ?

ತಂಗಿ, ನೀವು ಕೇಳಿದ್ದು ಇಷ್ಟು: ಅಪ್ಪನಿಗೆ 66, ಅಮ್ಮನಿಗೆ 61. ಬಳ್ಳಾರಿಯಲ್ಲಿದ್ದಾರೆ. ಒಂದು ವ್ಯಾನ್ ತಗೊಂಡು ಅದರಲ್ಲೇ ಮಲಗಿ, ಅಡುಗೆ ಮಾಡಿಕೊಂಡು ತಿರುಗುತ್ತೇವೆ ಅಂತ ಹಟ ಹಿಡಿದಿದ್ದಾರೆ. ಹೇಗೆ ತಡೆಯಲಿ ಅಂತ ನಿಮ್ಮ ಪ್ರಶ್ನೆ.

ತಡೆಯಬೇಡಿ. ನನಗೆ 64, ನಮ್ಮ ಮನೆಯವರಿಗೆ 69. ನಾವು ಗಂಗಾವತಿಯವರು. ನಾಲ್ಕು ಚಳಿಗಾಲದಿಂದ ಇದನ್ನೇ ಮಾಡುತ್ತಿದ್ದೇವೆ.

ನಮ್ಮ ಸೀಮೆಗೆ ಇದು ಹೊಸದೂ ಅಲ್ಲ. ನಾನು ಚಿಕ್ಕವಳಿದ್ದಾಗ ಹುಲಿಗೆಮ್ಮನ ಜಾತ್ರೆಗೆ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದೆವು. ಬಂಡಿ ತುಂಬ ಹುಲ್ಲು, ಹುಲ್ಲಿನ ಮೇಲೆ ಕೌದಿ, ಹಿಂದೆ ರೊಟ್ಟಿ ಬುಟ್ಟಿ, ನೀರಿನ ಕೊಡ. ನೆರಳು ನೀರು ಎರಡೂ ಸಿಕ್ಕ ಕಡೆ ಎತ್ತು ಬಿಚ್ಚಿ, ಮೂರು ಕಲ್ಲು ಹೂಡಿದರೆ ಒಲೆ. ನಮ್ಮಜ್ಜಿಗೆ ಆಗಲೇ 70 ದಾಟಿತ್ತು. ಎಲ್ಲರಿಗಿಂತ ಮೊದಲು ಬಂಡಿ ಹತ್ತಿ ಕೂರುತ್ತಿದ್ದವಳು ಅವಳೇ. ಈ ವಯಸ್ಸಿಗೆ ಬೇಕಾ ಅಂತ ಅವಳನ್ನು ಯಾರೂ ಕೇಳಲಿಲ್ಲ.

ಆದರೆ ಗಾಡಿ ಮಾತ್ರ ವಯಸ್ಸಿಗೆ ತಕ್ಕ ಹಾಗೆ ಇರಬೇಕು. ಹುಡುಗರ ವಿಡಿಯೋ ನೋಡಿ ಕಟ್ಟಿಸಿದರೆ ಕಷ್ಟ. ನಾವು ಆ ತಪ್ಪು ಮಾಡಿದೆವು. ಹಳೇ ಟಾಟಾ ವಿಂಗರ್ ವ್ಯಾನ್ ತಗೊಂಡು ಒಂದು ವರ್ಕ್‌ಶಾಪಿಗೆ ಬಿಟ್ಟೆವು. ಕೆಳಗೆ ಸಾಮಾನು ಇಡೋಕೆ ಜಾಗ ಜಾಸ್ತಿ ಸಿಗಲಿ ಅಂತ ಅವರು ಮಂಚವನ್ನು 30 ಇಂಚು ಎತ್ತರಕ್ಕೆ ಕೂರಿಸಿದರು. ನೋಡೋಕೆ ಚೆಂದ ಇತ್ತು. ಮೊದಲ ರಾತ್ರಿ ಎರಡು ಗಂಟೆಗೆ ನಮ್ಮವರು ಎದ್ದರು. ಕತ್ತಲಲ್ಲಿ ಕಾಲು ಇಳಿಬಿಟ್ಟು ನೆಲ ಹುಡುಕುತ್ತಿದ್ದಾರೆ, ನೆಲ ಸಿಗುತ್ತಿಲ್ಲ. ಅವರಿಗೆ ಮೊದಲೇ ಮಂಡಿ ನೋವು. ಜಾರಿ ಬೀಳಬೇಕು, ಅಷ್ಟರಲ್ಲಿ ನಾನು ತೋಳು ಹಿಡಿದುಕೊಂಡೆ. ಮಾರನೇ ವಾರವೇ ಮಂಚ ಬಿಚ್ಚಿಸಿ 18 ಇಂಚಿಗೆ ಇಳಿಸಿದೆವು. ಅಮ್ಮ ಅಪ್ಪ ಇಬ್ಬರನ್ನೂ ಕೂರಿಸಿ ಅಳತೆ ತಗೊಳ್ಳಿ. ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಬಾಗಿಲ ಪಕ್ಕ ಹಿಡಿದು ಹತ್ತೋಕೆ ಒಂದು ಗಟ್ಟಿ ಕಬ್ಬಿಣದ ಹಿಡಿ, ಕೆಳಗೆ ಅಲ್ಲಾಡದ ಒಂದು ಮರದ ಮೆಟ್ಟಿಲು. ಉಳಿದ ಚೆಂದವೆಲ್ಲ ಆಮೇಲೆ.

ಇನ್ನೊಂದು ವಿಷಯ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ವಯಸ್ಸಾದವರು ಪ್ರಯಾಣ ಬೇಡ ಅನ್ನೋದು ಬಹಳ ಸಲ ರಾತ್ರಿ ಪಾಯಿಖಾನೆಯ ಭಯಕ್ಕೆ. ನಾನೇ ಹಾಗಿದ್ದೆ. ಬಸ್ಸಿನಲ್ಲಿ ಹೋಗಬೇಕಾದರೆ ಬೆಳಗಿನಿಂದ ನೀರು ಕುಡಿಯುತ್ತಿರಲಿಲ್ಲ. ಈಗ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಮಡಚುವ ಕಮೋಡ್ ಚೇರ್ ಗಾಡಿಯಲ್ಲೇ ಇದೆ. ಮಂಚದಿಂದ ಎರಡು ಹೆಜ್ಜೆ, ನಡುವೆ ಒಂದು ಪರದೆ. ನೀರು ಬೇಕಾದಷ್ಟು ಕುಡಿಯುತ್ತೇನೆ. ಊರು ಸಿಗದ ಕಡೆ ಬಯಲಿಗೆ ಹೋಗಲೇಬೇಕಾದರೆ ಕೆರೆ ಹಳ್ಳದಿಂದ 200 ಅಡಿ ದೂರ, ಅರ್ಧ ಅಡಿ ಗುಂಡಿ ತೋಡಿ ಮಣ್ಣು ಮುಚ್ಚಬೇಕು.

ಕರೆಂಟಿನ ಲೆಕ್ಕ ನಮ್ಮವರದ್ದು. ಲೈನ್‌ಮ್ಯಾನ್ ಆಗಿ ರಿಟೈರ್ ಆದವರು. 12 ವೋಲ್ಟಿನ ಸಣ್ಣ ಫ್ಯಾನ್ 25 ವ್ಯಾಟ್ ಎಳೆದರೆ ಒಂದು ರಾತ್ರಿಯ ಎಂಟು ತಾಸಿಗೆ 200 ವ್ಯಾಟ್-ಅವರ್. 100 ಆಂಪಿಯರ್-ಅವರಿನ ಲಿಥಿಯಂ ಬ್ಯಾಟರಿಯಲ್ಲಿ ಸುಮಾರು 1,200 ವ್ಯಾಟ್-ಅವರ್ ಇರುತ್ತದೆ. ಫ್ಯಾನ್, ಎರಡು ಬಲ್ಬು, ಮೊಬೈಲಿಗೆ ಅದು ಧಾರಾಳ. ಎಸಿ ಆಸೆ ಬಿಡಿ.

ಅಡುಗೆ ಯಾವಾಗಲೂ ಗಾಡಿಯ ಹೊರಗೆ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಗಾಡಿಯ ನೆಲದಲ್ಲೇ ನಿಂತಿರುತ್ತದೆ. ಚಳಿ ಅಂತ ಕೆಂಡದ ಬೋಗುಣಿ ಒಳಗಿಟ್ಟುಕೊಂಡು ಮಲಗುವುದಂತೂ ಬೇಡವೇ ಬೇಡ. ಕೆಂಡದಿಂದ ಬರುವ ವಿಷಗಾಳಿಗೆ ವಾಸನೆ ಇಲ್ಲ. ನಿಜ ಹೇಳಬೇಕೆಂದರೆ ಒಲೆ ಹಚ್ಚುವ ಕೆಲಸವೇ ಕಡಿಮೆ. ಕಡಕ್ ರೊಟ್ಟಿ ಒಂದು ಗಂಟು, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಮೊಸರು. ದಾರಿಯಲ್ಲಿ ಬದನೆಕಾಯಿ ಸಿಕ್ಕರೆ ಸಂಜೆ ಎಣ್ಣೆಗಾಯಿ.

ಕಾಗದಪತ್ರ ಮೊದಲೇ ಸರಿ ಮಾಡಿಕೊಳ್ಳಿ. ಗಾಡಿಯ ಒಳಗನ್ನು ಬದಲಾಯಿಸುವ ಮುಂಚೆ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ಅದು ಬರಬೇಕು, ಇನ್ಶೂರೆನ್ಸಿನವರಿಗೂ ತಿಳಿಸಬೇಕು. ಅಪ್ಪನ ಲೈಸೆನ್ಸ್ ತಾರೀಖು ನೋಡಿ. 55 ದಾಟಿದ ಮೇಲೆ ಐದೈದು ವರ್ಷಕ್ಕೆ ನವೀಕರಣ, ಜೊತೆಗೆ ಡಾಕ್ಟರ ಸರ್ಟಿಫಿಕೇಟ್.

ನಮ್ಮದು ದಿನಕ್ಕೆ 100 ಕಿಲೋಮೀಟರ್, ಅದಕ್ಕಿಂತ ಜಾಸ್ತಿ ಇಲ್ಲ. ಸಂಜೆ ನಾಲ್ಕಕ್ಕೆ ಗಾಡಿ ನಿಲ್ಲಬೇಕು. ಸುಗ್ಗಿಯಲ್ಲಿ ಗಂಗಾವತಿ-ಸಿಂಧನೂರು ರಸ್ತೆಯಲ್ಲಿ ಹಿಂದೆ ದೀಪವಿಲ್ಲದ ಭತ್ತದ ಟ್ರ್ಯಾಕ್ಟರ್‌ಗಳು ಓಡಾಡುತ್ತವೆ. ಕತ್ತಲಾದ ಮೇಲೆ ಅಲ್ಲಿ ಗಾಡಿ ಓಡಿಸುವ ಧೈರ್ಯ ಯಾರೂ ಮಾಡಬಾರದು.

ನಿಲ್ಲಿಸುವ ನೆಲವೂ ನೋಡಿಕೊಳ್ಳಬೇಕು. ಒಮ್ಮೆ ಮಸ್ಕಿಗೆ ಹೋಗುವಾಗ ಎರೆ ಹೊಲದ ಬದಿಗೆ ಗಾಡಿ ಹಾಕಿ ಮಲಗಿದೆವು. ರಾತ್ರಿ ಅಕಾಲದ ಮಳೆ. ಬೆಳಿಗ್ಗೆ ಗಾಲಿ ಅರ್ಧ ಹೂತಿತ್ತು, ಚಪ್ಪಲಿ ತುಂಬ ಕಪ್ಪು ಮಣ್ಣು. ಹೊಲದವರು ಟ್ರ್ಯಾಕ್ಟರ್ ತಂದು ಎಳೆದರು, ದುಡ್ಡು ಮುಟ್ಟಲಿಲ್ಲ, ಮೇಲೆ ಚಹಾ ಕುಡಿಸಿ ಕಳಿಸಿದರು. ಮೋಡ ಕಂಡರೆ ಮಸಾರಿ ನೆಲ, ಅಂದರೆ ಕೆಂಪು ಮಣ್ಣಿನ ನೆಲ ಹುಡುಕಿ. ನೀರು ನಿಂತ ಗದ್ದೆ ಹತ್ತಿರ ಸೊಳ್ಳೆ ಕಾಟ, ಅಲ್ಲಿಂದ ದೂರ ಇರಿ. ಅವತ್ತು ಮಸ್ಕಿಗೆ ತಡವಾಗಿಯಾದರೂ ಮುಟ್ಟಿದೆವು. ಅಶೋಕ ಅನ್ನೋ ಹೆಸರೇ ಇರುವ ಶಾಸನ 1915ರಲ್ಲಿ ಸಿಕ್ಕ ಬಂಡೆ ಅದು. ಶಾಲೆಯಲ್ಲಿ 30 ವರ್ಷ ಆ ಪಾಠ ಹೇಳಿದವಳು ನಾನು. ಅದರ ಮುಂದೆ ನಿಂತಿದ್ದು ರಿಟೈರ್ ಆದ ಮೇಲೆ. ಕಣ್ಣು ತುಂಬಿ ಬಂತು.

ಒಂಟಿ ಜಾಗದಲ್ಲಿ ರಾತ್ರಿ ಉಳಿಯಲೇಬಾರದು. 2025ರ ಮಾರ್ಚ್‌ನಲ್ಲಿ ಸಾಣಾಪುರದ ಕಾಲುವೆ ಹತ್ತಿರ ಪ್ರವಾಸಿಗರ ಮೇಲೆ ನಡೆದ ಹಲ್ಲೆಯನ್ನು ನಮ್ಮೂರಿನವರು ಯಾರೂ ಮರೆತಿಲ್ಲ. ನಾವು ಗುಡಿಯ ಅಂಗಳ, ಮಠ, ಪೆಟ್ರೋಲ್ ಬಂಕ್, ಪರಿಚಯದವರ ತೋಟ, ಇಂಥ ಕಡೆ ಕೇಳಿಕೊಂಡು ನಿಲ್ಲಿಸುತ್ತೇವೆ. ಯಜಮಾನರೇ, ಒಂದು ರಾತ್ರಿ ಗಾಡಿ ನಿಲ್ಲಿಸಿಕೊಳ್ತೀವಿ ಅಂದರೆ ಇಲ್ಲ ಅಂದವರು ಕಡಿಮೆ. ತುಂಗಭದ್ರೆಯಲ್ಲಿ ಮೊಸಳೆ ಇವೆ, ಡ್ಯಾಮಿನಿಂದ ನೀರು ಬಿಟ್ಟರೆ ಹೊಳೆ ಒಮ್ಮೆಗೇ ಏರುತ್ತದೆ. ದಂಡೆಯಲ್ಲಿ ಮಲಗೋದು ಬೇಡ, ದೂರದಿಂದ ನೋಡಿ ಬರಲಿ.

ಎಲ್ಲವನ್ನೂ ಹತ್ತಿ ನೋಡಬೇಕು ಅಂತಿಲ್ಲ. ಅಂಜನಾದ್ರಿಗೆ 575 ಮೆಟ್ಟಿಲು. ನಮ್ಮವರು ಕೆಳಗೆ ಕೂತು ಕೈ ಮುಗಿದರು. ಹಿರೇಬೆಣಕಲ್ಲಿನ ಮೋರ್ಯರ ಗುಡ್ಡಕ್ಕೆ ಊರ ಹುಡುಗರ ಜೊತೆ ನಾನೊಬ್ಬಳೇ ಹೋಗಿ, ಬಹಳ ಹಿಂದಿನ ಜನ ಕಟ್ಟಿದ ಆ ಕಲ್ಲಿನ ಮನೆಗಳ ಫೋಟೋ ತಂದು ತೋರಿಸಿದೆ. ಇಟಗಿಯ ಮಹಾದೇವ ದೇವಾಲಯಕ್ಕೆ ಬೆಟ್ಟ ಹತ್ತುವ ಕೆಲಸವಿಲ್ಲ. 1112ರಲ್ಲಿ ಕಟ್ಟಿದ್ದು, ಶಾಸನದಲ್ಲೇ ಅದನ್ನು ದೇವಾಲಯ ಚಕ್ರವರ್ತಿ ಅಂದಿದ್ದಾರೆ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಆ ನುಣುಪು ಕಂಬಗಳ ಮೇಲೆ ಕೈ ಆಡಿಸಿದೆ. ಅಡಕಲಿನ ಹಳೇ ಗಡಿಗೆ ಮುಟ್ಟಿದ ಹಾಗಿತ್ತು. ನಮ್ಮವರು ಪುಷ್ಕರಣಿ ಪಕ್ಕ ಕೂತು ಎರಡು ಗಂಟೆ ಎದ್ದೇಳಲಿಲ್ಲ.

ಕಾಲ ನವೆಂಬರಿನಿಂದ ಫೆಬ್ರವರಿ. ಮಾರ್ಚ್ ಬಂತೆಂದರೆ ಮನೆಯಲ್ಲೇ ಇರಲಿ, ನಮ್ಮ ಬಿಸಿಲು ನಿಮಗೇ ಗೊತ್ತಲ್ವಾ. ಬಳ್ಳಾರಿಯಿಂದ ಮೊದಲು ಸಂಡೂರಿಗೆ ಹೋಗಲಿ. ಮಳೆ ಮುಗಿದ ಹೊಸತರಲ್ಲಿ ಆ ಬೆಟ್ಟಗಳು ಹಸಿರಾಗಿರುತ್ತವೆ. ಅದಿರು ಲಾರಿಗಳಿಗೆ ಮಾತ್ರ ದಾರಿ ಬಿಟ್ಟು ನಿಧಾನಕ್ಕೆ ಹೋಗಬೇಕು.

ಅದಕ್ಕೂ ಮೊದಲು ಒಂದು ರಾತ್ರಿ ನಿಮ್ಮ ಮನೆ ಅಂಗಳದಲ್ಲೇ ಗಾಡಿಯಲ್ಲಿ ಮಲಗಲಿ. ನಾವೂ ಮಂಚ ಇಳಿಸಿದ ಮೇಲೆ ಹಾಗೇ ಮಾಡಿದೆವು. ಮನೆಯೊಳಗೆ ಹೋಗಿ ಏನೇನು ತಂದೆವೋ ಎಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟೆ. ಕನ್ನಡಕದ ಡಬ್ಬಿ, ಇನ್ನೊಂದು ಟಾರ್ಚ್, ಮಂಡಿಗೆ ಹಚ್ಚುವ ಎಣ್ಣೆ, ಕಿವಿಗೆ ಕಟ್ಟಿಕೊಳ್ಳುವ ಮಫ್ಲರ್, ಅವರ ಬಿಪಿ ಮಾತ್ರೆ. ಆ ಹಾಳೆ ಈಗಲೂ ಗಾಡಿಯ ಬಾಗಿಲಿಗೆ ಒಳಗಿನಿಂದ ಅಂಟಿಸಿದೆ. ಹೊರಡುವ ಮುಂಚೆ ಅವರು ಓದುತ್ತಾರೆ, ನಾನು ಒಂದೊಂದೇ ಮುಟ್ಟಿ ನೋಡುತ್ತೇನೆ.