ಎಡಗಡೆ ಸೈಡ್ ಹಾಕಿದ್ರೆ ಬಾಲ್ ಯಾವ ಕಡೆ ತಪ್ಪುತ್ತೆ?

ನಿಮ್ಮ ಪ್ರಶ್ನೆ ಇಷ್ಟೇ ತಾನೆ, ಪೂಲ್ ಆಟದಲ್ಲಿ ವೈಟ್‌ಗೆ (ಕ್ಯೂ ಕೋಲಿಂದ ಹೊಡೆಯೋ ಬಿಳಿ ಬಾಲ್) ಎಡಗಡೆ ಸೈಡ್ ಹಾಕಿ, ಅಂದ್ರೆ ಮಧ್ಯ ಬಿಟ್ಟು ಎಡಕ್ಕೆ ಹೊಡೆದು ತಿರುಗೋ ಹಾಗೆ ಮಾಡಿ, ನೇರ ಪಾಟ್ ಹೊಡೆದ್ರೆ (ಕಲರ್ ಬಾಲನ್ನ ಪಾಕೆಟ್‌ಗೆ ಹಾಕೋಕೆ ನೋಡಿದ್ರೆ), ಜೋರಾಗಿ ಹೊಡೆದಾಗ ಕಲರ್ ಬಾಲ್ ಪಾಕೆಟ್‌ನ ಎಡಕ್ಕೆ ತಪ್ಪುತ್ತೆ, ಮೆಲ್ಲಗೆ ಹೊಡೆದಾಗ ಬಲಕ್ಕೆ ತಪ್ಪುತ್ತೆ, ಟೇಬಲ್ ಸೊಟ್ಟನಾ ನನ್ನ ಕೈ ಸೊಟ್ಟನಾ ಅಂತ. ಎರಡೂ ಅಲ್ಲ ಗುರು. ಸೈಡ್ ಹಾಕಿದ್ರೆ ಆಗ್ಬೇಕಾಗಿರೋದೇ ಅದು. ನಾನು ಮಂಡ್ಯದವನು, ಮೈಸೂರಿಗೆ ಓದೋಕೆ ಬಂದು ಸರಸ್ವತಿಪುರಂ ಕಡೆ ಒಂದು ಪೂಲ್ ಪಾರ್ಲರ್‌ನಲ್ಲಿ ಓದಿಗಿಂತ ಜಾಸ್ತಿ ಟೈಮ್ ಕಳೆದವನು, ಎರಡು ವರ್ಷ ನಿಮ್ ಥರಾನೇ ತಲೆ ಕೆರ್ಕೊಂಡಿದೀನಿ.

ಸೈಡ್ ಹಾಕಿದ ತಕ್ಷಣ ಮೂರು ಬೇರೆ ಬೇರೆ ಕೆಲಸ ಶುರುವಾಗುತ್ತೆ, ಮೂರೂ ಒಂದೇ ದಿಕ್ಕಿಗೆ ಎಳೆಯಲ್ಲ, ತಾಪತ್ರಯ ಇರೋದೇ ಅಲ್ಲಿ.

ಮೊದಲನೇದು ಟಿಪ್ (ಕ್ಯೂ ತುದಿಗೆ ಅಂಟಿಸಿರೋ ಚಿಕ್ಕ ತುಂಡು) ತಗುಲಿದ ಕ್ಷಣದಲ್ಲೇ ಆಗಿಬಿಡುತ್ತೆ. ನೀವು ವೈಟ್‌ನ ಎಡಗಡೆ ಹೊಡೀತೀರಿ, ಬಾಲ್ ತಿರುಗೋಕೆ ಶುರು ಮಾಡುತ್ತೆ, ತಿರುಗ್ತಾ ಟಿಪ್ಪನ್ನ ಪಕ್ಕಕ್ಕೆ ತಳ್ಳುತ್ತೆ, ಕ್ಯೂ ತುದಿಗೂ ಒಂದಿಷ್ಟು ತೂಕ ಇದೆಯಲ್ಲ, ಅದು ಸುಮ್ನೆ ಪಕ್ಕಕ್ಕೆ ಸರಿಯೋದಿಲ್ಲ, ವಾಪಸ್ ಬಾಲನ್ನ ಬಲಕ್ಕೆ ತಳ್ಳುತ್ತೆ. ಅದಕ್ಕೇ ವೈಟ್ ನೀವು ಗುರಿ ಇಟ್ಟ ಗೆರೆ ಬಿಟ್ಟು ಸ್ವಲ್ಪ ಬಲಕ್ಕೆ ಹೊರಡುತ್ತೆ. ಇದಕ್ಕೆ ಸ್ಕ್ವರ್ಟ್ ಅಂತಾರೆ, ಡಿಫ್ಲೆಕ್ಷನ್ ಅಂದ್ರೂ ಅದೇ. ಬರೀ 2 ಡಿಗ್ರಿ ಅಂತ ಇಟ್ಕೊಳ್ಳಿ, 6 ಅಡಿ ಹೋಗೋಷ್ಟರಲ್ಲಿ ಎರಡೂವರೆ ಇಂಚು ಆಚೆ ಇರುತ್ತೆ. ಪೂಲ್ ಬಾಲೇ ಎರಡೂಕಾಲು ಇಂಚು, ಅಂದ್ರೆ ಒಂದು ಇಡೀ ಬಾಲಿನಷ್ಟು ಗುರಿ ತಪ್ತು! ದುಬಾರಿ ಲೋ ಡಿಫ್ಲೆಕ್ಷನ್ ಕ್ಯೂಗಳು ಮಾಡೋದು ಇಷ್ಟೇ, ತುದಿ ಕಡೆ ತೂಕ ಕಮ್ಮಿ ಮಾಡಿರ್ತಾರೆ. ಪಾರ್ಲರ್ ಕ್ಯೂಗಳಲ್ಲಿ ಅದೆಲ್ಲ ಎಲ್ಲಿ ಬರಬೇಕು, ಟಿಪ್ ಸರಿಯಾಗಿ ಅಂಟಿದ್ರೆ ಅದೇ ಪುಣ್ಯ.

ಎರಡನೇದು ಇದರ ಉಲ್ಟಾ. ಕ್ಯೂನ ನಾವು ಪೂರ್ತಿ ಮಟ್ಟವಾಗಿ ಹಿಡಿಯೋಕೆ ಆಗಲ್ಲ, ಕುಶನ್ (ಟೇಬಲ್ ಅಂಚಿನ ರಬ್ಬರ್ ಪಟ್ಟಿ) ಅಡ್ಡ ಇರುತ್ತಲ್ಲ, ಹಿಂದುಗಡೆ ಸ್ವಲ್ಪ ಎತ್ತಿರ್ತೀವಿ, ಹಾಗಾಗಿ ಸ್ಪಿನ್ ಕೂಡ ಸ್ವಲ್ಪ ಓರೆಯಾಗೇ ಬೀಳುತ್ತೆ. ಟೇಬಲ್ ಬಟ್ಟೆ ಮೇಲೆ ಉಜ್ಜಿಕೊಂಡು ಹೋಗ್ತಾ ಹೋಗ್ತಾ ವೈಟ್ ನಿಧಾನಕ್ಕೆ ಎಡಕ್ಕೆ ಬಾಗುತ್ತೆ. ಇದು ಸ್ವರ್ವ್. ಜೋರಾಗಿ ಹೊಡೆದ್ರೆ ಬಾಗೋಕೆ ಟೈಮೇ ಸಿಗಲ್ಲ, ಅಷ್ಟರಲ್ಲಿ ಹೋಗಿ ಗುದ್ದಿರುತ್ತೆ. ಮೆಲ್ಲಗೆ ಹೊಡೆದ್ರೆ ಬೇಗ ಬಾಗಿ ಗೆರೆ ದಾಟಿ ಎಡಕ್ಕೇ ಹೋಗ್ಬಹುದು. ಸ್ಕ್ವರ್ಟ್‌ನ ಡಿಗ್ರಿ ಮಾತ್ರ ಜೋರು ಮೆಲ್ಲಗೆ ಅಂತ ಹೆಚ್ಚುಕಮ್ಮಿ ನೋಡಲ್ಲ, ಒಂದೇ ಥರ.

ಮೂರನೇದು ಥ್ರೋ, ನನಗೆ ತುಂಬಾ ಇಷ್ಟವಾದದ್ದು. ನಮ್ಮೂರ ರಸ್ತೆ ಬದಿ ಕಬ್ಬಿನ ಹಾಲಿನ ಮಷಿನ್ ನೋಡಿರ್ತೀರ, ಎರಡು ರೋಲರ್, ಒಂದು ಹೀಗೆ ತಿರುಗಿದ್ರೆ ಪಕ್ಕದ್ದು ಹಾಗೆ ತಿರುಗುತ್ತೆ. ವೈಟ್ ಹೋಗಿ ಕಲರ್ ಬಾಲಿಗೆ ತಗುಲಿದಾಗಲೂ ಅದೇ ಲೆಕ್ಕ. ಎಡಗಡೆ ಸೈಡ್ ಇರೋ ವೈಟ್‌ನ ಮುಂದಿನ ಮುಖ ಬಲಕ್ಕೆ ಓಡ್ತಾ ಇರುತ್ತೆ, ಕಲರ್ ಬಾಲ್‌ನ ಬೆನ್ನನ್ನ ಉಜ್ಜಿ ಅದನ್ನ ಬಲಕ್ಕೆ ಎಳೆದು ಕಳಿಸುತ್ತೆ, ಜೊತೆಗೆ ಚೂರು ಉಲ್ಟಾ ಸ್ಪಿನ್ನೂ ಕೊಡುತ್ತೆ. ಆದ್ರೆ ಮಷಿನ್ನಿಗೆ ಹಲ್ಲಿನ ಚಕ್ರ ಇದೆ, ಬಾಲಿಗೆ ಹಲ್ಲಿಲ್ಲ, ಬರೀ ಉಜ್ಜಾಟ. ವೇಗ ಜಾಸ್ತಿಯಾದಷ್ಟೂ ಜಾರುತ್ತೆ, ಮೆಲ್ಲಗೆ ಹೊಡೆದಾಗಲೇ ಹಿಡಿತ ಜಾಸ್ತಿ. ತಗುಲೋ ಜಾಗದಲ್ಲಿ ಟಿಪ್‌ಗೆ ಹಚ್ಚೋ ಚಾಕ್ ಪುಡಿ ಕೂತಿದ್ರಂತೂ ಇನ್ನೂ ಎಳೆಯುತ್ತೆ. ಚೆನ್ನಾಗಿ ಹಿಡಿದ್ರೆ ಒಂದು ಅಡಿ ದೂರಕ್ಕೆ ಹತ್ತಿರಹತ್ತಿರ 1 ಇಂಚು ಆಚೆ ಹೋಗುತ್ತೆ.

ಈಗ ನಿಮ್ಮ ಎರಡು ಮಿಸ್ಸನ್ನ ನೋಡಿ. ದೂರದಿಂದ ಜೋರಾಗಿ ಹೊಡೆದ್ರಿ, ಸ್ಕ್ವರ್ಟ್ ಆಗಿ ವೈಟ್ ಬಲಕ್ಕೆ ಹೋಯ್ತು, ಬಾಗೋಕೆ ಟೈಮ್ ಇಲ್ಲ, ಕಲರ್ ಬಾಲ್‌ನ ಬಲಭಾಗಕ್ಕೆ ತಗುಲ್ತು, ಅದು ಎಡಕ್ಕೆ ಹಾರ್ತು. ಮೆಲ್ಲಗೆ ಹೊಡೆದ್ರಿ, ವೈಟ್ ಬಾಗಿ ಎಡಕ್ಕೆ ಬಂದು ಕಲರ್ ಬಾಲ್‌ನ ಎಡಭಾಗಕ್ಕೆ ತಗುಲ್ತು, ಅದರ ಮೇಲೆ ಥ್ರೋ ಕೂಡ ಬಲಕ್ಕೇ ತಳ್ತು, ಎರಡೂ ಸೇರಿ ಬಾಲ್ ಬಲಕ್ಕೆ. ಕೈ ಸೊಟ್ಟ ಇಲ್ಲ, ವೇಗ ಬದಲಾಯ್ತು ಅಷ್ಟೆ. (ಚಂಡಮಾರುತದ ಪಾಠದಲ್ಲಿ ಬರೋ ಕೋರಿಯೋಲಿಸ್ ಇದಾರಲ್ಲ, ಅವರೇ 1835ರಲ್ಲಿ ಈ ಬಿಲಿಯರ್ಡ್ಸ್ ಬಾಲ್‌ಗಳ ಲೆಕ್ಕದ ಮೇಲೆ ಒಂದು ಇಡೀ ಪುಸ್ತಕ ಬರೆದಿದಾರೆ, ಹಾಗಾಗಿ ನಮಗೆ ತಲೆ ಕೆಟ್ರೆ ನಾಚಿಕೆ ಪಡೋದು ಬೇಡ.)

ಹಾಗಾದ್ರೆ ಸೈಡ್ ಯಾಕೆ ಹಾಕ್ಬೇಕು? ಕುಶನ್‌ಗೆ. ಅಲ್ಲಿ ಅದು ಬಂಗಾರ. ಎಡಗಡೆ ಸೈಡ್ ಇದ್ರೆ ವೈಟ್ ಕುಶನ್ ತಗುಲಿ ಎಡಕ್ಕೇ ಹೊರಳುತ್ತೆ, ಮೊದಲೇ ಎಡಕ್ಕೆ ಹೋಗ್ತಿದ್ರೆ ಆ್ಯಂಗಲ್ ಅಗಲ ಆಗಿ ವೇಗಾನೂ ಉಳಿಯುತ್ತೆ, ಅದು ರನ್ನಿಂಗ್ ಸೈಡ್. ಬಲಕ್ಕೆ ಹೋಗ್ತಿದ್ರೆ ಅದೇ ಸೈಡ್ ಹಿಡಿದು ನಿಲ್ಲಿಸಿದ ಹಾಗೆ ಮಾಡುತ್ತೆ, ಅದು ಚೆಕ್ ಸೈಡ್. ಮುಂದಿನ ಬಾಲಿಗೆ ವೈಟ್ ಎಲ್ಲಿ ನಿಲ್ಬೇಕು ಅನ್ನೋದಕ್ಕೆ ಸೈಡು, ಪಾಟ್ ಮಾಡೋಕಲ್ಲ.

ಇದನ್ನ ನಾನು ಕಲಿತದ್ದು ಮರ್ಯಾದೆ ಕಳ್ಕೊಂಡು. ಟೇಬಲ್ ಬಿಲ್ ಸೋತವರದ್ದು ಅಂತ ಆಟ, ನಂದು ಬರೀ 8 ನಂಬರ್ ಬಾಲ್ ಉಳಿದಿದೆ, ಅದು ಬಿದ್ರೆ ಆಟ ಗೆದ್ದ ಹಾಗೆ, ಕಾರ್ನರ್ ಪಾಕೆಟ್‌ಗೆ ನೇರ, ವೈಟ್ ಐದಾರು ಅಡಿ ದೂರ. ಸುಮ್ನೆ ಮಧ್ಯಕ್ಕೆ ಹೊಡೆದಿದ್ರೆ ಮುಗೀತಿತ್ತು. ಹಿಂದೆ ನಾಲ್ಕು ಜನ ನೋಡ್ತಿದಾರೆ ಅಂತ ಶೋಕಿಗೆ ಫುಲ್ ಸೈಡ್ ಹಾಕ್ದೆ. 8 ಪಾಕೆಟ್ ಬಾಯಿ ಬಡಿದು ವಾಪಸ್ ಬಂತು, ಎದುರುಗಡೆಯವನು ಆಟ ಮುಗಿಸ್ದ. ಅಲ್ಲಿ ಟೇಬಲ್ ನೋಡ್ಕೊಳ್ಳೋ ವಯಸ್ಸಾದ ಮಾರ್ಕರ್ ಒಬ್ರು ಇದ್ರು, ನಮ್ಮ ಮದ್ದೂರು ಕಡೆಯವರು, ಬಾಲ್ ಜೋಡಿಸ್ತಾ ತಲೆ ಎತ್ತದೇ ಕೇಳಿದ್ರು, "ಎಂಟು ಬಿದ್ದ್ ಮ್ಯಾಲೆ ಆ ವೈಟ್ ಕಟ್ಕಂಡು ಏನ್ಲಾ ಮಾಡೀಯೆ?" ನನ್ ಹತ್ರ ಉತ್ತರ ಇರ್ಲಿಲ್ಲ, ಬಿಲ್ ಕೊಟ್ಟೆ.

ಮುಂದಿನ ಸಲ ಹೋದಾಗ ಟೇಬಲ್ ಖಾಲಿ ಇದ್ರೆ ಎರಡು ಪರೀಕ್ಷೆ ಮಾಡಿ. ವೈಟ್‌ಗೆ ಒಂದು ಕಲರ್ ಬಾಲ್ ತಾಗಿಸಿ ಇಡಿ, ಎರಡೂ ಸೇರಿ ನೇರ ಪಾಕೆಟ್ ಕಡೆ ನೋಡ್ತಿರ್ಲಿ, ಮೂರಡಿ ದೂರ ಸಾಕು, ಎಡಗಡೆ ಸೈಡ್ ಹಾಕಿ ಮೆಲ್ಲಗೆ ಹೊಡೀರಿ, ಅದು ಬಲಕ್ಕೆ ಜಾರೋದು ಕಣ್ಣಿಗೇ ಕಾಣುತ್ತೆ. ಆಮೇಲೆ ಬರೀ ವೈಟ್ ಇಟ್ಕೊಂಡು ಎದುರು ಕುಶನ್ ಮಧ್ಯದ ಗುರುತಿಗೆ ಅದೇ ಸೈಡ್ ಹಾಕಿ ಒಂದ್ಸಲ ಜೋರಾಗಿ, ಒಂದ್ಸಲ ಮೆಲ್ಲಗೆ ಹೊಡೆದು ಎಲ್ಲಿ ತಗುಲುತ್ತೆ ನೋಡಿ. ಒಂದೇ ಕ್ಯೂ ಹಿಡ್ಕೊಳ್ಳಿ, ಪ್ರತಿ ಹೊಡೆತಕ್ಕೂ ಚಾಕ್ ಹಾಕ್ಕೊಳ್ಳಿ, ಮಧ್ಯದಿಂದ ಅಂಚಿನ ಕಡೆ ಅರ್ಧಕ್ಕಿಂತ ಆಚೆ ಹೋದ್ರೆ ಟಿಪ್ ಜಾರಿ ಮಿಸ್‌ಕ್ಯೂ ಆಗುತ್ತೆ, ಬಟ್ಟೆ ಹರಿದ್ರೆ ಮಾರ್ಕರ್ ಬಿಡಲ್ಲ.