ಮೆಟಾಫಿಸಿಕ್ಸ್ ಅಂದರೆ ಏನು? ನಮ್ಮ ದರ್ಶನಗಳಲ್ಲಿ ಅದು ಇದೆಯಾ?

ಪಾಶ್ಚಾತ್ಯರ ಮೆಟಾಫಿಸಿಕ್ಸ್, ನಮ್ಮವರ ತತ್ತ್ವವಿಚಾರ ಎರಡೂ ಒಂದೇನಾ ಎಂದು ಕೇಳಿದ್ದೀರಿ. ನನ್ನ ಪ್ರಕಾರ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಅದನ್ನು ಕೇಳಿದ ಕಾರಣ ಮಾತ್ರ ಬೇರೆ.

ಮೆಟಾಫಿಸಿಕ್ಸ್ ಅನ್ನುವ ಹೆಸರು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಇಟ್ಟದ್ದಲ್ಲ. ಅವನು ಅದನ್ನು ‘ಮೊದಲ ತತ್ತ್ವಶಾಸ್ತ್ರ’ ಎಂದು ಕರೆದ. ಆ ವಿಷಯದ ಮೇಲೆ ಅವನು ಬರೆದ 14 ಭಾಗಗಳಿಗೆ ‘ಫಿಸಿಕ್ಸ್ ಆದ ಮೇಲಿನದು’ ಅನ್ನುವ ಅರ್ಥದ ಈ ಹೆಸರು ಆಮೇಲೆ ಬಂತು. ಒಂದು ವಸ್ತು ಬಿಸಿಯೋ ತಂಪೋ ಅನ್ನುವುದು ಅಲ್ಲಿ ಮುಖ್ಯವಲ್ಲ. ಅದು ‘ಇದೆ’ ಅಂತೀವಲ್ಲ, ಹಾಗಂದರೆ ಏನು ಅನ್ನುವುದೇ ಪ್ರಶ್ನೆ.

ನಮ್ಮಲ್ಲಿ ಇದಕ್ಕೆ ತೀರಾ ಹತ್ತಿರದ್ದು ವೈಶೇಷಿಕ ದರ್ಶನ. ಇರುವುದನ್ನೆಲ್ಲ ಅದು ದ್ರವ್ಯ (ವಸ್ತು), ಗುಣ, ಕರ್ಮ (ಚಲನೆ), ಸಾಮಾನ್ಯ (ಹಲವದರಲ್ಲಿ ಸಮಾನವಾಗಿರುವುದು), ವಿಶೇಷ (ಒಂದನ್ನು ಇನ್ನೊಂದರಿಂದ ಬೇರೆ ಮಾಡುವುದು), ಸಮವಾಯ (ಬಿಡಿಸಲಾಗದ ಸಂಬಂಧ) ಎಂದು ಆರು ಪದಾರ್ಥಗಳಾಗಿ, ಅಂದರೆ ಆರು ಬಗೆಗಳಾಗಿ, ವಿಂಗಡಿಸಿತು. ಮುಂದಿನವರು ಏಳನೆಯದನ್ನು ಸೇರಿಸಿದರು: ಅಭಾವ, ಅಂದರೆ ಇಲ್ಲದಿರುವಿಕೆ. ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಇದೇ. ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದು ‘ಸಕ್ಕರೆ ಇಲ್ಲ’ ಅನ್ನುತ್ತೇವೆ. ಕಂಡದ್ದು ಬರೀ ಡಬ್ಬಿಯ ತಳ, ಅಲ್ವಾ? ಹಾಗಾದರೆ ಆ ‘ಇಲ್ಲ’ ಎಲ್ಲಿಂದ ಬಂತು? ನ್ಯಾಯ ದರ್ಶನದವರಾದ ನೈಯಾಯಿಕರು ಅದೂ ಒಂದು ಪದಾರ್ಥವೇ, ಕಣ್ಣಿಗೇ ಗೊತ್ತಾಗುತ್ತದೆ ಅಂದರು. ಮೀಮಾಂಸಕ ಕುಮಾರಿಲ ಭಟ್ಟರ ಕಡೆಯವರು ಅದು ಕಣ್ಣಿಗೆ ಗೊತ್ತಾಗುತ್ತದೆ ಅನ್ನುವುದನ್ನು ಒಪ್ಪಲಿಲ್ಲ. ಇಲ್ಲದ್ದನ್ನು ತಿಳಿಯಲು ‘ಅನುಪಲಬ್ಧಿ’ (ಕಾಣಸಿಗದಿರುವುದು) ಎಂಬ ಬೇರೆ ಪ್ರಮಾಣವೇ, ಅಂದರೆ ತಿಳಿಯುವ ಬೇರೆ ದಾರಿಯೇ, ಬೇಕು ಅಂದರು.

ಇನ್ನು ಮಡಕೆ. ಮಣ್ಣಿನಿಂದ ಮಡಕೆಯಾದಾಗ ಹೊಸದೊಂದು ಹುಟ್ಟಿತಾ? ವೈಶೇಷಿಕರು ಹೌದು ಅಂದರು. ಸಾಂಖ್ಯ ದರ್ಶನದವರು ಇಲ್ಲ, ಅದು ಮಣ್ಣಿನಲ್ಲಿ ಮೊದಲೇ ಅಡಗಿತ್ತು ಅಂದರು. ಎಳ್ಳಿನಿಂದ ಬರುವ ಎಣ್ಣೆ ಮರಳಿನಿಂದ ಯಾಕೆ ಬರುವುದಿಲ್ಲ ಅನ್ನುವುದು ಅವರ ವಾದ. ಶಂಕರರು ಛಾಂದೋಗ್ಯ ಉಪನಿಷತ್ತಿನ ಮಾತನ್ನು ಹಿಡಿದು, ಮಡಕೆ ಸುಮ್ನೆ ಒಂದು ಹೆಸರು, ಮಣ್ಣೇ ನಿಜ ಅಂದರು. ಉಡುಪಿಯ ಮಧ್ವರಿಗೆ ಭೇದವೇ ನಿಜ. ಒಂದು ಜಡವಸ್ತುವಿಗೂ ಇನ್ನೊಂದಕ್ಕೂ ಇರುವ ಭೇದವನ್ನೂ ಅವರು ತಾವು ಹೇಳಿದ ಐದು ಭೇದಗಳಲ್ಲಿ (ಪಂಚಭೇದ) ಎಣಿಸಿದರು. ಅರಿಸ್ಟಾಟಲ್ ಕೂಡ ಕಂಚಿನ ಪ್ರತಿಮೆಯನ್ನು ಎದುರಿಗಿಟ್ಟುಕೊಂಡು ಮೂಲವಸ್ತು ಯಾವುದು, ಆಕಾರ ಯಾವುದು ಎಂದು ಹೀಗೇ ತಲೆ ಕೆಡಿಸಿಕೊಂಡ. ಇವರೆಲ್ಲ ಒಂದೇ ಜಗಲಿಯಲ್ಲಿ ಕೂತು ವಾದ ಮಾಡಬಹುದಿತ್ತು ಅಂತ ಓದುವಾಗಲೆಲ್ಲ ಅನ್ನಿಸುತ್ತದೆ.

ಆದರೆ ಕಾರಣ ಬೇರೆ ಅಂದೆನಲ್ಲ. ಮನುಷ್ಯ ತತ್ತ್ವವಿಚಾರಕ್ಕೆ ಇಳಿದದ್ದು ಬೆರಗಿನಿಂದ ಎಂದು ಅರಿಸ್ಟಾಟಲ್ ಹೇಳುತ್ತಾನೆ. ಆದರೆ ಸಾಂಖ್ಯರ ಮುಖ್ಯ ಗ್ರಂಥ ಸಾಂಖ್ಯಕಾರಿಕೆ ಶುರುವಾಗುವುದೇ ‘ದುಃಖ’ ಅನ್ನುವ ಪದದಿಂದ.