ದುಡಿದ ನಾಯಿಗೆ ಕೊನೆಯ ಸೂಜಿ ಯಾವಾಗ?

ಕುರಿ ನಾಯಿ, ತೋಟದ ಕಾವಲು ನಾಯಿಗಳ ಬಗ್ಗೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ: ಕೈಲಾಗದ ನಾಯಿಯನ್ನು ಮುಗಿಸಬಹುದೇ? ಈ ಸಲ ಹೆಚ್ಚಿನ ಜಾಗ ಅದಕ್ಕೇ.

ನಮ್ಮ ಮುಧೋಳ ನಾಯಿಗೆ ಒಂಬತ್ತು ವರ್ಷ. ಏಳು ವರ್ಷ ದಡ್ಡಿ ಕಾಯ್ದಿದೆ. ಈಗ ಹಿಂಗಾಲು ಎಳೆಯುತ್ತದೆ, ಮಂದೆಯ ಜೊತೆ ನಡೆಯಲಾಗುತ್ತಿಲ್ಲ. ಸೂಜಿ ಹಾಕಿಸಿ ಮುಗಿಸಿ ಅನ್ನುತ್ತಾರೆ. ಸರಿಯೇ?

ಸರಿಯಲ್ಲ. ಮಂದೆಯ ಜೊತೆ ನಡೆಯದಿರುವುದು ನಿಮಗೆ ತೊಂದರೆ. ಸೂಜಿ ಹಾಕಿಸಬೇಕಾದ್ದು ನಾಯಿಯ ತೊಂದರೆಗೆ, ಅದೂ ಇಳಿಸಲಾಗದ ನೋವಿಗೆ ಮಾತ್ರ. ನಿಮ್ಮ ಪತ್ರದಲ್ಲಿ ನಾಯಿ ಉಣ್ಣುತ್ತದೆಯೇ, ನರಳುತ್ತದೆಯೇ, ವೈದ್ಯರಿಗೆ ತೋರಿಸಿದ್ದೀರಾ ಎಂಬ ಮಾತೇ ಇಲ್ಲ.

ಮೊದಲು ಹಿಂಗಾಲಿನ ಉಗುರು ನೋಡಿ. ನಡುವಿನ ಎರಡು ಉಗುರುಗಳ ಮೇಲ್ಮೈ ನೆಲಕ್ಕೆ ಉಜ್ಜಿ ಸವೆದಿದ್ದರೆ ನರದ ತೊಂದರೆಯಿರಬಹುದು. ನಾಯಿಯನ್ನು ನಿಲ್ಲಿಸಿ, ಹೊಟ್ಟೆಗೆ ಕೈ ಆಸರೆ ಕೊಟ್ಟು, ಪಾದವನ್ನು ಮಗುಚಿ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡಿ. ನರ ಸರಿಯಿದ್ದರೆ ತಕ್ಷಣ ಪಾದವನ್ನು ತಿರುಗಿಸಿ ಇಟ್ಟುಕೊಳ್ಳುತ್ತದೆ. ಮಗುಚಿದ ಹಾಗೇ ಬಿಟ್ಟರೆ ಬೆನ್ನುಹುರಿಯ ತಪಾಸಣೆ ಬೇಕು. ಉಗುರು ಸವೆದಿಲ್ಲ, ಬೆಳಿಗ್ಗೆ ಏಳಲು ಒದ್ದಾಡಿ ಹತ್ತಿಪ್ಪತ್ತು ಹೆಜ್ಜೆ ಹಾಕಿದ ಮೇಲೆ ಸಡಿಲವಾಗುತ್ತದೆ ಅಂದರೆ ಅದು ಕೀಲುನೋವು, ಔಷಧಕ್ಕೆ ಬಗ್ಗುವಂಥದ್ದು. ಇನ್ನು ತುಟಿ ಎತ್ತಿ ವಸಡು ನೋಡಿ. ಬಿಳಿಚಿಕೊಂಡಿದ್ದರೆ, ಹೊಟ್ಟೆಯ ಚರ್ಮದಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳಿದ್ದರೆ ಉಣ್ಣಿಯಿಂದ ಬರುವ ಎರ್ಲಿಕಿಯಾ ಜ್ವರವಿರಬಹುದು. ಕುರಿಯ ನಡುವೆ ಬಾಳುವ ನಾಯಿಗೆ ಉಣ್ಣಿ ತಪ್ಪಿದ್ದಲ್ಲ. ಈ ಜ್ವರದಲ್ಲಿ ಕೀಲು ಊದಿ ಕಾಲು ಬಿದ್ದಂತೆ ಕಾಣುತ್ತದೆ, ಜನ ಅದನ್ನೇ ಮುಪ್ಪು ಅನ್ನುತ್ತಾರೆ. ರಕ್ತಪರೀಕ್ಷೆಯಲ್ಲಿ ಖಚಿತವಾದರೆ ಡಾಕ್ಸಿಸೈಕ್ಲಿನ್ ಮಾತ್ರೆ, ನಾಯಿಯ ತೂಕದ ಪ್ರತಿ ಕಿಲೋಗೆ 10 ಮಿಲಿಗ್ರಾಂ, ದಿನವೂ, 28 ದಿನ. ಊಟದ ಜೊತೆ ಕೊಡಿ, ಮೇಲೆ ನೀರು ಕುಡಿಸಿ. ಒಣಗಂಟಲಿನಲ್ಲಿ ಮಾತ್ರೆ ಸಿಕ್ಕಿದರೆ ಅನ್ನನಾಳ ಸುಡುತ್ತದೆ. ನಾಲ್ಕನೇ ದಿನಕ್ಕೆ ನಾಯಿ ಎದ್ದು ಓಡಾಡಿತೆಂದು ಮಾತ್ರೆ ನಿಲ್ಲಿಸುವವರೇ ಹೆಚ್ಚು. ರೋಗ ಮರಳುವುದು ಅಲ್ಲಿಂದಲೇ.

ಕೀಲುನೋವಿಗೆ ಮೆಲಾಕ್ಸಿಕ್ಯಾಮ್ ಇದೆ. 25 ಕಿಲೋ ನಾಯಿಗೆ ಮೊದಲ ದಿನ 5 ಮಿಲಿಗ್ರಾಂ, ಆಮೇಲೆ ದಿನಕ್ಕೆ ಎರಡೂವರೆ, ಹೊಟ್ಟೆ ತುಂಬಿದ ಮೇಲೆ. ಮುದಿ ನಾಯಿಗೆ ಮೂತ್ರಪಿಂಡದ ಪರೀಕ್ಷೆ ಮಾಡಿಸದೆ ಶುರು ಮಾಡಬೇಡಿ. ನಿಮ್ಮ ಮಂಡಿನೋವಿನ ಡೈಕ್ಲೋಫಿನ್ಯಾಕ್, ಐಬುಪ್ರೊಫೇನ್ ಮಾತ್ರೆಗಳನ್ನು ಕೊಡಲೇಬೇಡಿ. ಜಠರದಲ್ಲಿ ಹುಣ್ಣಾಗಿ ಕಪ್ಪು ಮಲ ಬರುತ್ತದೆ, ಮೂತ್ರಪಿಂಡ ಕೈಕೊಡುತ್ತದೆ. ಬರೆ ಹಾಕುವ ನಾಟಿ ವೈದ್ಯರನ್ನಂತೂ ಹಟ್ಟಿಯೊಳಗೆ ಬಿಟ್ಟುಕೊಳ್ಳಬೇಡಿ. ಕಾದ ಕಬ್ಬಿಣದಿಂದ ನರವೂ ಚಿಗುರುವುದಿಲ್ಲ, ಕೀಲೂ ಸರಿಹೋಗುವುದಿಲ್ಲ. ನೋಯುವ ಪ್ರಾಣಿಗೆ ಇನ್ನೊಂದು ನೋವು ಸೇರುತ್ತದೆ, ಅಷ್ಟೆ.

ಚಿಕಿತ್ಸೆ ಶುರುವಾದ ಮೇಲೆ ಎರಡು ವಾರ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ತಾನಾಗಿ ಉಂಡಿತೇ, ತಾನಾಗಿ ಎದ್ದಿತೇ, ಮಲಗಿದಲ್ಲೇ ಮಲಮೂತ್ರ ಮಾಡಿಕೊಂಡಿತೇ, ಕರೆದರೆ ಬಾಲ ಆಡಿಸಿತೇ. ಒಳ್ಳೆಯ ದಿನಕ್ಕಿಂತ ಕೆಟ್ಟ ದಿನ ಹೆಚ್ಚಾಗುತ್ತಾ ಹೋದರೆ, ಮಲಗಿದ ಹುಣ್ಣಿಗೆ ಹುಳ ಬೀಳತೊಡಗಿದರೆ ಆಗ ಸೂಜಿಯ ಮಾತು. ಆಗ ತಡಮಾಡುವುದೂ ತಪ್ಪು. ‘ದೇವರು ಕರೆದಾಗ ಹೋಗಲಿ’ ಎಂದು ಹುಳ ಬಿದ್ದ ನಾಯಿಯನ್ನು ಬೇಲಿಯಾಚೆ ಬಿಟ್ಟುಬರುವುದನ್ನು ನಾನು ಕರುಣೆ ಎಂದು ಒಪ್ಪುವುದಿಲ್ಲ.

ಸೂಜಿಗೂ ಕ್ರಮವಿದೆ, ಅದನ್ನು ನೀವು ಕೇಳಿ ಪಡೆಯಬೇಕು. ಮೊದಲು ಮಾಂಸಖಂಡಕ್ಕೆ ಮಂಪರಿನ ಔಷಧ, ಹತ್ತು ಹದಿನೈದು ನಿಮಿಷ ಕಾಯುವುದು. ಆಮೇಲೆ ಮುಂಗಾಲಿನ ರಕ್ತನಾಳದಲ್ಲಿ ಕ್ಯಾನುಲಾ ಎಂಬ ತೆಳು ಕೊಳವೆ ಕೂರಿಸಿ, ಪ್ರಾಣ ಹೋಗುವಷ್ಟು ಅರಿವಳಿಕೆ ಔಷಧ. ಮುದಿ ನಾಯಿಗೆ ನೀರಿನಂಶ ಕಡಿಮೆಯಾಗಿ ರಕ್ತನಾಳ ಕುಗ್ಗಿರುತ್ತದೆ. ಬರೀ ಸೂಜಿಯಲ್ಲಿ ಕೊಡಹೋದರೆ ಔಷಧ ಹೊರಗೆ ಸೋರಿ ಉರಿಯುತ್ತದೆ, ನಾಯಿ ಕಿರುಚುತ್ತದೆ. ಆಳವಾದ ಅರಿವಳಿಕೆ ಇಲ್ಲದೆ ಮೆಗ್ನೀಸಿಯಂ ಸಲ್ಫೇಟನ್ನೋ ಪೊಟ್ಯಾಸಿಯಂ ಕ್ಲೋರೈಡನ್ನೋ ನೇರವಾಗಿ ಏರಿಸುವವರಿದ್ದಾರೆ. ಅಗ್ಗವೆಂದು ಹಾಗೆ ಮಾಡುತ್ತಾರೆ. ಒಂದರಲ್ಲಿ ನಾಯಿ ಎಚ್ಚರವಿದ್ದೇ ಉಸಿರು ಕಟ್ಟಿ ಸಾಯುತ್ತದೆ, ಇನ್ನೊಂದರಲ್ಲಿ ಎಚ್ಚರವಿದ್ದೇ ಎದೆ ನಿಲ್ಲುತ್ತದೆ. ಅಂಥವರನ್ನು ಅಲ್ಲೇ ತಡೆಯಿರಿ. ಮುಗಿದ ಮೇಲೆ ಕಣ್ಣು ತೆರೆದೇ ಇರುತ್ತದೆ, ಒಂದೆರಡು ಬಿಕ್ಕಿನ ಉಸಿರು ಬರಬಹುದು, ಗಾಬರಿಯಾಗಬೇಡಿ. ಆದರೆ ಕಣ್ಣಗುಡ್ಡೆ ಮುಟ್ಟಿದರೆ ರೆಪ್ಪೆ ಆಡಬಾರದು. ವೈದ್ಯರು ಐದು ನಿಮಿಷ ಎದೆಬಡಿತ ಆಲಿಸಿ ಹೇಳುವವರೆಗೆ ಹೂಳಬಾರದು. ಬೀದಿನಾಯಿಗಳಿಗಾಗಿ ಮಾಡಿದ 2023ರ ಜನನ ನಿಯಂತ್ರಣ ನಿಯಮಗಳು ಕೂಡ ಇನ್ನೊಂದು ನಾಯಿಯ ಎದುರಿಗೆ ಈ ಕೆಲಸ ಮಾಡಕೂಡದು, ಸತ್ತದ್ದು ಖಾತ್ರಿಯಾಗದೆ ವಿಲೇವಾರಿ ಮಾಡಕೂಡದು ಅನ್ನುತ್ತವೆ. ಮನೆಯ ನಾಯಿಗೆ ಅದಕ್ಕಿಂತ ಕಡಿಮೆ ಮರ್ಯಾದೆ ಸಲ್ಲದು. ಗುಂಡಿ ಐದು ಅಡಿ ಆಳ ಇರಲಿ, ಬಾವಿ ಹಳ್ಳಗಳಿಂದ ದೂರ ಇರಲಿ, ಮೇಲೆ ಕಲ್ಲು ಹೇರಿ. ಅರಿವಳಿಕೆ ಔಷಧ ಹೆಣದಲ್ಲಿ ಉಳಿಯುತ್ತದೆ, ಬಯಲಿಗೆ ಎಸೆದರೆ ತಿಂದ ಹದ್ದು, ನಾಯಿ, ನರಿಗಳೂ ಸಾಯುತ್ತವೆ.

‘ನಾಯಿಗೆ ಇಷ್ಟೆಲ್ಲ ಯಾಕೆ?’ ಎಂದು ಪತ್ರದ ಕೊನೆಗೆ ಕೇಳಿದ್ದೀರಿ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ 949–50ರ ವೀರಗಲ್ಲೊಂದು ಸಿಕ್ಕಿತ್ತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗ ದೊರೆ ಬೂತುಗನ ಬಂಟ ಮಣಲೇರನ ಬೇಟೆನಾಯಿ ಕಾಳಿ ಕಾಡುಹಂದಿಯ ಜೊತೆ ಹೋರಾಡಿ ತಾನೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಅಲ್ಲಿಯ ಗೊರವನು, ಅಂದರೆ ಶೈವ ಪೂಜಾರಿ, ಕಲ್ಲನ್ನು ಪೂಜಿಸದೆ ಉಂಡರೆ ಪಾಪ ತಟ್ಟುತ್ತದೆ ಎಂದು ಬರೆಸಿದ್ದಾರೆ. ಇದು ಈ ನೆಲದ ರೂಢಿ. ನಮ್ಮ ಸೇನೆಯೂ ಸೇವೆ ಮುಗಿದ ನಾಯಿಗಳನ್ನು ಒಂದು ಕಾಲದಲ್ಲಿ ಕೊಲ್ಲುತ್ತಿತ್ತು. 2015ರಲ್ಲಿ ವಿಷಯ ದೆಹಲಿ ಹೈಕೋರ್ಟಿಗೆ ಹೋದ ಮೇಲೆ ಆ ಪದ್ಧತಿ ಬದಲಾಯಿತು. ಈಗ ಮೀರತ್‌ನಲ್ಲಿ ನಿವೃತ್ತ ನಾಯಿಗಳನ್ನು ಸಾಕುತ್ತಾರೆ, ದತ್ತು ಕೊಡುತ್ತಾರೆ. ನಿಮ್ಮ ನಾಯಿಯನ್ನು ಊರಲ್ಲೇ ಉಳಿದ ಹಿರಿಯರ ಬಳಿ ಬಿಡಿ. ದಪ್ಪ ಗೋಣಿಚೀಲದ ಹಾಸಿಗೆ, ಎರಡು ಹೊತ್ತು ಮಜ್ಜಿಗೆ ಕಲಸಿದ ರೊಟ್ಟಿ, ಆಗಾಗ ಒಂದು ಮೊಟ್ಟೆ. ಏಳು ವರ್ಷದ ರಾತ್ರಿ ಕಾವಲಿನ ಲೆಕ್ಕದಲ್ಲಿ ಇದು ದೊಡ್ಡ ಖರ್ಚಲ್ಲ.

ನಮ್ಮ ಮುಧೋಳ ನಾಯಿ ಕುರಿಮರಿಯೊಂದನ್ನು ಕಚ್ಚಿ ಕೊಂದಿದೆ. ರಕ್ತದ ರುಚಿ ಹತ್ತಿದ ನಾಯಿಯನ್ನು ಕೊಲ್ಲಲೇಬೇಕಂತೆ?

ರಕ್ತದ ರುಚಿ ಎಂಬುದು ಕಟ್ಟುಮಾತು. ಮುಧೋಳ ಕಣ್ಣಿನಿಂದ ಬೇಟೆಯಾಡುವ ತಳಿ, ಓಡಿದ್ದನ್ನೆಲ್ಲ ಅಟ್ಟುತ್ತದೆ. ಆರೆಂಟು ವಾರದ ಮರಿಯಿದ್ದಾಗಲೇ ಕುರಿಗಳ ನಡುವೆ ಬೆಳೆಸದಿದ್ದದ್ದು ನಿಮ್ಮ ತಪ್ಪು. ಕುರಿಮರಿಗಳಿರುವ ಕಡೆ ಕಟ್ಟಿಹಾಕಿ, ಇಲ್ಲವೇ ತೋಟದ ಕಾವಲಿಗೆ ಕೊಡಿ.

ಖಾರದಪುಡಿ, ಕೋವಿಯ ಮದ್ದಿನಪುಡಿ ತಿನ್ನಿಸಿದರೆ ನಾಯಿ ಉಗ್ರವಾಗುತ್ತದೆಯೇ?

ಇಲ್ಲ. ಹೊಟ್ಟೆ ಕೆಡುತ್ತದೆ.

ತೋಳಕ್ಕೆ ಇಟ್ಟ ವಿಷದ ಮಾಂಸ ತಿಂದು ಪಕ್ಕದ ಹಟ್ಟಿಯ ನಾಯಿ ಸತ್ತಿತು. ನಮ್ಮ ಮೇಲೆ ದೂರು ಕೊಡಬಹುದೇ?

ಕೊಡಬಹುದು, ಕೊಡಲಿ. ವಿಷ ಇಡುವುದೇ ಅಪರಾಧ, ತೋಳಕ್ಕೂ ಕಾನೂನಿನ ರಕ್ಷಣೆ ಇದೆ. ನಾಯಿಯ ಕುತ್ತಿಗೆಗೆ ಮುಳ್ಳಿನ ಪಟ್ಟಿ ಹಾಕಿ, ರಾತ್ರಿ ದಡ್ಡಿಗೆ ಬಲೆ ಕಟ್ಟಿ.

ಕಾವಲು ನಾಯಿ ಆಳನ್ನು ಕಚ್ಚಿತು. ಊರವರು ಬಡಿದು ಕೊಲ್ಲಬೇಕು ಎನ್ನುತ್ತಿದ್ದಾರೆ.

ಕೊಂದರೆ ರೇಬಿಸ್ ಇತ್ತೋ ಇಲ್ಲವೋ ನೋಡಿ ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಆ ಮನುಷ್ಯನನ್ನು ಅದೇ ದಿನ ಲಸಿಕೆಗೆ ಕಳಿಸಿ. ಅರಿಶಿನ, ಸುಣ್ಣ ಮೆತ್ತಬೇಡಿ. ನಾಯಿಯನ್ನು ಹತ್ತು ದಿನ ಒಂಟಿಯಾಗಿ ಕಟ್ಟಿ, ನೀರು ಅನ್ನವನ್ನು ಕೋಲಿನಿಂದ ಮುಂದೆ ತಳ್ಳಿ. ಹತ್ತನೇ ದಿನಕ್ಕೂ ಉಂಡು ಆರೋಗ್ಯವಾಗಿದ್ದರೆ ಕಚ್ಚಿದಾಗ ಜೊಲ್ಲಿನಲ್ಲಿ ರೇಬಿಸ್ ಇರಲಿಲ್ಲ ಎಂದರ್ಥ. ನಡುವೆ ಮಂಕಾದರೆ, ದನಿ ಬದಲಾದರೆ, ದವಡೆ ಜೋತುಬಿದ್ದರೆ ಹತ್ತಿರ ಹೋಗದೆ ಪಶುವೈದ್ಯರನ್ನು ಕರೆಸಿ. ಸತ್ತರೆ ತಲೆಗೆ ಪೆಟ್ಟಾಗದಂತೆ ಇಡಿ, ಪರೀಕ್ಷೆಗೆ ಮಿದುಳು ಬೇಕು.